ನಡುರಾತ್ರಿಯ ಕಾಲುಸೆಳೆತ

ರಾತ್ರಿ ಎರಡು ಗಂಟೆಯ ಸುಮಾರಿಗೆ, ಸುಖವಾಗಿ ನಿದ್ರಿಸುತ್ತಿದ್ದವರು 'ಅಯ್ಯೋ' ಎಂದು ಎದ್ದು ಕೂರುತ್ತಾರೆ. ಮೀನಖಂಡ ಕಲ್ಲಿನಂತೆ ಬಿಗಿದಿದೆ. ಕಾಲನ್ನು ಚಾಚಲೂ ಆಗದು, ಮಡಿಸಲೂ ಆಗದು. ದೀಪ ಹತ್ತುತ್ತದೆ, ಮನೆಮಂದಿಯೆಲ್ಲ ಏಳುತ್ತಾರೆ. ಒಬ್ಬರು ಎಣ್ಣೆ ತರುತ್ತಾರೆ, ಇನ್ನೊಬ್ಬರು ಬಾಳೆಹಣ್ಣು. ಅಷ್ಟರಲ್ಲಿ ನೋವು ತಾನಾಗಿಯೇ ಇಳಿದಿರುತ್ತದೆ. ಕೀರ್ತಿ ಮಾತ್ರ ಬಾಳೆಹಣ್ಣಿಗೆ!

ನಾಸಿಕದ ನಮ್ಮ ನೆರೆಮನೆಯ ಆಜಿ ಇದನ್ನು 'ಪೋಟರೀತ ಗೋಳಾ ಆಲಾ' ಎನ್ನುತ್ತಾರೆ, ಮೀನಖಂಡದಲ್ಲಿ ಉಂಡೆ ಬಂತು ಎಂದು. ಮುಟ್ಟಿ ನೋಡಿದವರು ಒಪ್ಪುವ ಮಾತು. ನಮ್ಮ ಅಪ್ಪಣೆಯಿಲ್ಲದೆ ಸ್ನಾಯು ಕುಗ್ಗಿ ಉಂಡೆಗಟ್ಟಿ, ಸಡಿಲವಾಗದೆ ನಿಲ್ಲುವುದೇ ಈ ಸೆಳೆತ. ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಇರುತ್ತದೆ. ಮರುದಿನವೂ ಕಾಲು ನೋಯುವುದುಂಟು.

ಬಹುಮಂದಿಯಲ್ಲಿ ಇದಕ್ಕೆ ಇಂಥದೇ ಕಾರಣವೆಂದು ವೈದ್ಯರೂ ಬೆರಳಿಟ್ಟು ತೋರಿಸಲಾರರು. ಐವತ್ತು ದಾಟಿದವರಿಗೆ ಹೆಚ್ಚು, ತುಂಬು ಗರ್ಭಿಣಿಯರಿಗೂ ಹೆಚ್ಚು. ದಣಿದ ಸ್ನಾಯುವಿಗೆ ಇದು ಬೇಗ ಬರುತ್ತದೆ. ಸಾತಪುರ, ವಾಳೂಜಗಳ ಕಾರಖಾನೆಗಳಲ್ಲಿ ಪಾಳಿಯುದ್ದಕ್ಕೂ ನಿಂತು ದುಡಿಯುವ ನಮ್ಮವರಿಗೂ, ಶ್ರಾವಣ ಸೋಮವಾರ ಬ್ರಹ್ಮಗಿರಿಯ ಪ್ರದಕ್ಷಿಣೆ ಮುಗಿಸಿ ಬಂದವರಿಗೂ ಇದನ್ನು ವಿವರಿಸಬೇಕಾಗಿಲ್ಲ. ಊರಿನಿಂದ ಬಂದ ನೆಂಟರಿಗೆ ಏಲೋರಾದ ಕೈಲಾಸವನ್ನು ನಮ್ಮ ರಾಷ್ಟ್ರಕೂಟ ಕೃಷ್ಣ ಕಟ್ಟಿಸಿದ್ದೆಂದು ಹೆಮ್ಮೆಯಿಂದ ತೋರಿಸಿ, ಅದೇ ದಿನ ದೌಲತಾಬಾದಿನ ಕೋಟೆಯನ್ನೂ ಹತ್ತಿಸುವ ಛತ್ರಪತಿ ಸಂಭಾಜಿನಗರದ ಗೆಳೆಯರು ಆ ರಾತ್ರಿ ನೆಂಟರ ಕಾಲಿನ ಕಡೆ ಸ್ವಲ್ಪ ಗಮನ ಕೊಡಲಿ. ಬೇಸಿಗೆ 40 ಡಿಗ್ರಿ ದಾಟಿದ ದಿನ ಬೆವರಿ ನೀರು ಕುಡಿಯದಿದ್ದರೆ ಅದೂ ಸೇರಿಕೊಳ್ಳಬಹುದು.

ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಗುಳಿಗೆ, ಕೊಲೆಸ್ಟರಾಲ್ ಇಳಿಸುವ ಗುಳಿಗೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇವುಗಳೊಡನೆಯೂ ಸೆಳೆತ ಕಾಣಿಸುವುದುಂಟು. ಹಾಗೆಂದು ಗುಳಿಗೆಯನ್ನು ತಾವೇ ನಿಲ್ಲಿಸಬಾರದು. ಕೊಟ್ಟ ವೈದ್ಯರಿಗೆ ಹೇಳಬೇಕು.

ಸೆಳೆತ ಹಿಡಿದಾಗ ಮಾಡಬೇಕಾದದ್ದು ಸುಲಭ. ಮೊಣಕಾಲನ್ನು ನೇರ ಮಾಡಿ, ಪಾದದ ಮುಂಭಾಗವನ್ನು ಕೈಯಿಂದ ಹಿಡಿದು ನಿಮ್ಮ ಕಡೆಗೆ ಮೆಲ್ಲನೆ ಎಳೆಯಿರಿ. ಕೈಗೆ ಎಟುಕದಿದ್ದರೆ ಮನೆಯವರು ಒತ್ತಿ ಹಿಡಿಯಲಿ. ಇಲ್ಲವೇ ಎದ್ದು, ಹಿಮ್ಮಡಿಯೂರಿ ನಿಲ್ಲಿ. ಬಿಗಿತ ಬಿಟ್ಟ ಮೇಲೆ ಬಿಸಿನೀರಿನ ಶಾಖ ಹಿತವಾಗಿರುತ್ತದೆ.

ಬಾರದಂತೆ ತಡೆಯಲು, ಗೋಡೆಯಿಂದ ಎರಡು ಮೂರು ಅಡಿ ದೂರ ನಿಂತು, ಅಂಗೈಗಳನ್ನು ಗೋಡೆಗಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ವಾಲಿ. ಮೀನಖಂಡ ಎಳೆದಂತಾದಾಗ ಇಪ್ಪತ್ತು ಎಣಿಸುವವರೆಗೆ ಹಾಗೆಯೇ ಇರಿ. ಮಲಗುವ ಮುನ್ನ ಮೂರು ಬಾರಿ ಸಾಕು. ನೆದರ್ಲೆಂಡ್ಸಿನಲ್ಲಿ 55 ದಾಟಿದ 80 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ವಾರ ಪ್ರತಿರಾತ್ರಿ ಮೀನಖಂಡವನ್ನೂ ತೊಡೆಯ ಹಿಂಭಾಗವನ್ನೂ ಹೀಗೆ ಎಳೆದವರಿಗೆ ಸೆಳೆತ ಕಡಿಮೆಯಾಯಿತು. ಹೊದಿಕೆಯನ್ನು ಕಾಲ ಬುಡದಲ್ಲಿ ಬಿಗಿಯಾಗಿ ಸಿಕ್ಕಿಸುವುದು ಬೇಡ. ಪಾದ ಕೆಳಗೆ ಬಾಗಿ ಸ್ನಾಯು ಕುಗ್ಗಿರುತ್ತದೆ.

ಮೆಗ್ನೀಸಿಯಂ ಗುಳಿಗೆಗೆ ಈಗ ಬಹಳ ಹೆಸರು. ವಯಸ್ಸಾದವರಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭ ಪರೀಕ್ಷೆಗಳಲ್ಲಿ ಕಂಡಿಲ್ಲ. ಹಿಂದೆ ಕ್ವಿನೈನ್ ಕೊಡುತ್ತಿದ್ದರು. ಅದು ಕೆಲವರಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳನ್ನು ಅಪಾಯಕರವಾಗಿ ಇಳಿಸುತ್ತದೆ, ಹೃದಯದ ಬಡಿತವನ್ನು ಕೆಡಿಸುತ್ತದೆ. ಈ ನೋವಿಗೆಂದು ಅದನ್ನು ಚೀಟಿಯಿಲ್ಲದೆ ಮಾರುವುದನ್ನು ಅಮೆರಿಕದಲ್ಲಿ 1994ರಲ್ಲೇ ನಿಲ್ಲಿಸಿದರು. ಯಾರಾದರೂ ಹಳೆಯ ಅನುಭವದಿಂದ ಸೂಚಿಸಿದರೆ ದಯವಿಟ್ಟು ಕೊಳ್ಳಬೇಡಿ.

ಎಲ್ಲ ಕಾಲುನೋವೂ ಸೆಳೆತವಲ್ಲ. ನಡೆದಾಗ ಬಂದು, ನಿಂತರೆ ಹೋಗುವ ನೋವು ರಕ್ತನಾಳದ್ದಿರಬಹುದು. ಒಂದೇ ಕಾಲು ಊದಿ, ಬಿಸಿಯಾಗಿ, ನೋವು ಇಳಿಯದೆ ಉಳಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಸಿರು ಕಟ್ಟಿದಂತಾದರೆ ಒಂದು ಗಳಿಗೆಯೂ ತಡಮಾಡಬಾರದು.

ಇದನ್ನು ನಾವು ಕಂಡೇ ಬರೆಯುತ್ತಿದ್ದೇವೆ. ನಮ್ಮ ಬಳಗದ ಹಿರಿಯರೊಬ್ಬರು ಊರಿನಿಂದ ಇಡೀ ರಾತ್ರಿ ಬಸ್ಸಿನಲ್ಲಿ ಕುಳಿತು ನಾಸಿಕಕ್ಕೆ ಬಂದರು. ಮರುದಿನ ಎಡಗಾಲು ಹಿಡಿಯಿತು. ಸೆಳೆತವೇ ಇರಬೇಕೆಂದು ನಾವೂ ತಲೆದೂಗಿದೆವು. ನಾಲ್ಕು ದಿನ ಎಣ್ಣೆ ಹಚ್ಚಿ ತಿಕ್ಕಿದ್ದೂ ಆಯಿತು. ಐದನೆಯ ದಿನ ಪಾದರಕ್ಷೆ ಕಾಲಿಗೆ ಹಿಡಿಸಲಿಲ್ಲ. ವೈದ್ಯರು ನೋಡಿ, ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದಿತ್ತು ಎಂದಾಗ, ತಿಕ್ಕಿದ ಕೈಗಳೆಲ್ಲ ತಣ್ಣಗಾದವು. ಹೆಪ್ಪುಗಟ್ಟದಂತೆ ತಡೆಯುವ ಔಷಧಿಯನ್ನು ಹಲವು ತಿಂಗಳು ತೆಗೆದುಕೊಂಡ ಅವರು ಈಗ ಗಂಗಾಪುರ ರಸ್ತೆಯಲ್ಲಿ ಬೆಳಗಿನ ತಿರುಗಾಟಕ್ಕೆ ಹೋಗುತ್ತಿದ್ದಾರೆ.