ಹದಿನಾಲ್ಕು ಗುಡ್ಡದೂರುಗಳಲ್ಲಿ ನಾಲ್ಕು

ಇಟಲಿಯ ಭೂಪಟವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಾಗ ನಮ್ಮ ಪಟ್ಟಿಯಲ್ಲಿದ್ದ ಗುಡ್ಡದೂರುಗಳು ೧೪. ಕೈಯಲ್ಲಿದ್ದ ದಿನಗಳು ೬. ರೋಮಿನಲ್ಲಿ ಉದ್ಯೋಗದಲ್ಲಿರುವ ತಮ್ಮನು, "ಕಾರು ನನ್ನದು, ಸಾರಥ್ಯವೂ ನನ್ನದು, ಊರುಗಳನ್ನು ಮಾತ್ರ ನೀವೇ ಆರಿಸಿರಿ" ಎಂದು ಬರೆದಿದ್ದ. ಸರ್ಕಾರಿ ಗುಮಾಸ್ತರ ರಜಾ ಪ್ರವಾಸ ಸೌಲಭ್ಯವು ಭಾರತದ ಗಡಿ ದಾಟುವುದಿಲ್ಲವೆಂಬುದು ಓದುಗ ಬಂಧುಗಳಲ್ಲಿ ಹಲವರಿಗೆ ತಿಳಿದೇ ಇದೆ. ಮೂರು ವರ್ಷ ಕೂಡಿಟ್ಟ ಹಣ ವಿಮಾನದ ಟಿಕೇಟಿಗೇ ಸರಿಹೋಯಿತು. ಇನ್ನೊಮ್ಮೆ ಹೋಗುವ ಯೋಗ ನಮಗೆ ಬರಲಾರದು. ೬೮ ದಾಟಿದ ಅಮ್ಮನಿಗಂತೂ ಇದೇ ಮೊದಲು, ಬಹುಶಃ ಇದೇ ಕೊನೆ. ಆಯ್ಕೆಯಲ್ಲಿ ಎಡವುವಂತಿರಲಿಲ್ಲ.

ಈ ಊರುಗಳು ಗುಡ್ಡದ ನೆತ್ತಿಯೇರಿ ಕುಳಿತಿರುವುದು ನೋಟದ ಸೊಗಸಿಗಾಗಿ ಅಲ್ಲ. ಹಿಂದಿನವರಿಗೆ ಶತ್ರುಗಳ ಭಯ; ಕೆಳಗಿನ ಬಯಲಿನಲ್ಲಿ ಮಲೇರಿಯಾ. ಟಸ್ಕನಿಯ ಕಿಯಾನಾ ಕಣಿವೆಯಂತೂ ಕಾಲುವೆ ತೋಡಿ ನೀರು ಬಸಿಯುವವರೆಗೆ ಶತಮಾನಗಳ ಕಾಲ ಜೌಗುನೆಲವಾಗಿತ್ತು. ಪರರು ಹತ್ತಲಾಗದಿರಲೆಂದೇ ಕಟ್ಟಿದ ಊರುಗಳನ್ನು ಮಂಡಿನೋವಿನವರು ನೋಡಬೇಕಾದರೆ ಏನಾದರೊಂದು ಉಪಾಯ ಬೇಕಲ್ಲವೇ?

ಗಂಡ ಹೆಂಡತಿ ಇಬ್ಬರೂ ಕೆಂಪು ಪೆನ್ಸಿಲು ಹಿಡಿದೆವು. ರಾಫೇಲನು ೧೪೮೩ರಲ್ಲಿ ಹುಟ್ಟಿದ ಉರ್ಬಿನೊ, ಬೆಟ್ಟಸಾಲಿನ ಆಚೆ ಬದಿಗೆ, ದೂರ. ಸಿಯೆನಾಕ್ಕೆ ಒಂದು ದಿನ ಸಾಲದು. ವೊಲ್ತೆರ್ರಾ, ಗುಬ್ಬಿಯೊ, ಕೊರ್ತೋನಾಗಳು ಒಂದೊಂದು ದಿಕ್ಕಿಗೆ. ಮೊಂಟೆಪುಲ್ಚಾನೊದ ಮುಖ್ಯ ಬೀದಿಯೇ ಕೆಳಗಿನ ಬಾಗಿಲಿನಿಂದ ಮೇಲಿನ ಚೌಕದವರೆಗೂ ಏರು. ೭೨ ಗೋಪುರಗಳಲ್ಲಿ ೧೪ ಉಳಿಸಿಕೊಂಡಿರುವ ಸಾನ್ ಜಿಮಿನ್ಯಾನೊವನ್ನು ಹೊಡೆದುಹಾಕುವಾಗ ಮಾತ್ರ ಕೈ ನಡುಗಿತು. ಎರಡು ಸಲ ಗೆರೆ ಎಳೆದು ಎರಡು ಸಲವೂ ಅಳಿಸಿದೆವು. ಕೊನೆಗೆ ಉಳಿದವು ಓರ್ವಿಯೆಟೊ, ಪಿಯೆಂಟ್ಸಾ, ಅಸ್ಸಿಸಿ.

ಮರುದಿನ ಬೆಳಿಗ್ಗೆ ಅಮ್ಮ ಆ ಪಟ್ಟಿಯನ್ನು ಹಿಡಿದುಕೊಂಡು ಬಂದರು. ಅವರ ಬೆರಳು ಚಿವಿತಾ ಎಂಬ ಹೆಸರಿನ ಮೇಲಿತ್ತು.

"ಇದಕ್ಕೇಕೆ ಗೆರೆ? ಕುಸಿದುಹೋಗುತ್ತಿರುವ ಊರು ಎಂದು ನೀವೇ ಓದಿ ಹೇಳಿದಿರಲ್ಲ."

"ಕಾರು ಹೋಗದು ಅಮ್ಮ. ಸುಮಾರು ೩೦೦ ಮೀಟರು ಕಾಲುಸೇತುವೆ, ಕೊನೆಗೆ ಕಡಿದಾದ ಏರು. ನಿಮಗಾಗದು."

"ನನಗಾಗದೆಂದು ನನ್ನನ್ನು ಕೇಳಿದಿರೋ?"

ನಮ್ಮಲ್ಲಿ ಉತ್ತರವಿರಲಿಲ್ಲ. ಮೂರು ದಿನಗಳಿಂದ ಅವರ ಮಂಡಿಯನ್ನು ಕುರಿತು ಮಾತನಾಡುತ್ತಲೇ ಇದ್ದೆವು, ಅವರೊಡನೆ ಒಂದು ಮಾತನ್ನೂ ಆಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಮ್ಮನೇ ಹೇಳಿದರು: "ಮೈಸೂರಿನಲ್ಲಿದ್ದಷ್ಟು ಕಾಲ ಚಾಮುಂಡಿ ಬೆಟ್ಟವನ್ನು ದಿನಾ ಕೆಳಗಿನಿಂದಲೇ ನೋಡಿ ಕೈಮುಗಿಯುತ್ತಿದ್ದೆ. ಹತ್ತಿದ್ದು ವರ್ಷಕ್ಕೊಮ್ಮೆ. ಹತ್ತದ ದಿನ ಬೆಟ್ಟ ಇರಲಿಲ್ಲವೇ?"

ಅಂದಿನಿಂದ ನಮ್ಮ ಲೆಕ್ಕಾಚಾರವೇ ಬದಲಾಯಿತು. ತಂಗುವ ಊರುಗಳು ಬೇರೆ, ಎದುರು ನಿಂತು ನೋಡುವ ಊರುಗಳು ಬೇರೆ. ತಂಗುವುದಕ್ಕೆ ಕಾರು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಮೇಲಕ್ಕೆ ಏನು ಸೌಕರ್ಯ, ಕೂರಲು ಜಗಲಿ ಎಲ್ಲಿ ಎಂದು ವಿಚಾರಿಸಿದೆವು. ಇನ್ನೊಂದು ವಿಷಯವನ್ನು ಅಮ್ಮನೇ ಕಲಿಸಿದರು: ಮಂಡಿಗೆ ಏರಿಗಿಂತ ಇಳಿಜಾರೇ ಶತ್ರು.

ಈ ಪರೀಕ್ಷೆಯಲ್ಲಿ ಓರ್ವಿಯೆಟೊ ಮೊದಲ ದರ್ಜೆಯಲ್ಲಿ ತೇರ್ಗಡೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲಿನ ದಿಬ್ಬದ ಮೇಲೆ ಊರು. ರೈಲು ನಿಲ್ದಾಣದಿಂದ ಹಗ್ಗದ ರೈಲು, ಕಾರಿನ ತಂಗುದಾಣದಿಂದ ಚಲಿಸುವ ಮೆಟ್ಟಿಲು. ಮೇಲೆ ಹೋದ ಮೇಲೆ ನೆಲ ಬಹುಪಾಲು ಸಮ. ೧೨೯೦ರಲ್ಲಿ ಆರಂಭವಾದ ಕೆಥೆಡ್ರಲಿನ ಎದುರಿನ ಕಲ್ಲುಜಗಲಿಯಲ್ಲಿ ಅಮ್ಮ ಒಂದು ಗಂಟೆ ಕುಳಿತಿದ್ದರು. ನಾವು ಸಂತ ಪಾಟ್ರಿಸಿಯೊ ಬಾವಿಗೆ ಇಳಿದೆವು. ೧೫೨೭ರಲ್ಲಿ ರೋಮ್ ಲೂಟಿಯಾದಾಗ ಇಲ್ಲಿಗೆ ಓಡಿಬಂದ ಪೋಪ್ ಏಳನೆಯ ಕ್ಲೆಮೆಂಟನು, ಮುತ್ತಿಗೆಯಾದರೆ ನೀರಿಲ್ಲದೆ ಸಾಯಬಾರದೆಂದು ತೋಡಿಸಿದ ಬಾವಿ. ೨೪೮ ಮೆಟ್ಟಿಲಿನ ಎರಡು ಸುರುಳಿಗಳು ಒಂದನ್ನೊಂದು ಸುತ್ತಿಕೊಂಡಿವೆ. ಇಳಿಯುವ ಹೇಸರಗತ್ತೆ ಏರುವ ಹೇಸರಗತ್ತೆಗೆ ಎದುರಾಗುವುದೇ ಇಲ್ಲ. ನಮ್ಮ ಕಚೇರಿಯ ಮೆಟ್ಟಿಲನ್ನು ಕಟ್ಟಿದವರು ಇದನ್ನು ನೋಡಿರಲಾರರು.

ಪಿಯೆಂಟ್ಸಾ ಏಣಿನ ಮೇಲಿನ ಚಿಕ್ಕ ಊರು. ಪೋಪ್ ಎರಡನೆಯ ಪಯಸ್ ತನ್ನ ಹುಟ್ಟೂರನ್ನು ೧೪೫೯ರಿಂದ ಶಿಲ್ಪಿ ರೊಸ್ಸೆಲ್ಲಿನೊನಿಂದ ಹೊಸದಾಗಿ ಕಟ್ಟಿಸಿ ತನ್ನ ಹೆಸರನ್ನೇ ಇಟ್ಟ. ಬೀದಿ ಸಮತಟ್ಟು, ಗೋಡೆಯಂಚಿನ ಹಾದಿಯಿಂದ ಓರ್ಚಾ ಕಣಿವೆಯೆಲ್ಲ ಕಾಣುತ್ತದೆ. ಸಸ್ಯಾಹಾರಿಗಳಿಗೆ ಒಂದು ಮಾತು: ಅಲ್ಲಿಯ 'ಪಿಚಿ' ಎಂಬ ದಪ್ಪ ಶಾವಿಗೆ ಸಾಮಾನ್ಯವಾಗಿ ಹಿಟ್ಟು ನೀರಿನದು, ಟೊಮೇಟೊ ಬೆಳ್ಳುಳ್ಳಿಯ ಸಾರಿನೊಡನೆ ನಿಶ್ಚಿಂತೆಯಿಂದ ತಿನ್ನಬಹುದು. ಹೆಸರಾಂತ ಕುರಿಹಾಲಿನ ಗಿಣ್ಣನ್ನು ಮಾತ್ರ ಕೇಳಿ ಕೊಳ್ಳಬೇಕು. ಹಾಲು ಒಡೆಯಿಸಲು ಕುರಿಮರಿಯ ಹೊಟ್ಟೆಯ ರಸವನ್ನು ಬಳಸುವ ರೂಢಿಯಿದೆ.

ಅಸ್ಸಿಸಿಯಲ್ಲಿ ಊರ ಮೇಲ್ತುದಿಯ ಚೌಕದಲ್ಲಿ ಕಾರು ನಿಲ್ಲಿಸಿದ್ದು ನಮ್ಮ ತಪ್ಪು. ೧೨೨೮ರಲ್ಲಿ ಆರಂಭವಾದ ಸಂತ ಫ್ರಾನ್ಸಿಸನ ದೇವಾಲಯ ಕೆಳತುದಿಯಲ್ಲಿದೆ. ಇಳಿಜಾರಿನ ಪಾಠವನ್ನು ಮರೆತಿದ್ದೆವು. ಅಮ್ಮ ಬಾಯಿಬಿಟ್ಟು ಏನೂ ಹೇಳಲಿಲ್ಲ, ಹಿಂದಿರುಗುವಾಗ ಚಿಕ್ಕ ಬಸ್ಸು ಹತ್ತಿದೆವು. ೧೯೯೭ರ ಭೂಕಂಪದಲ್ಲಿ ಆ ದೇವಾಲಯದ ಕಮಾನು ಬಿದ್ದು ನಾಲ್ವರು ಸತ್ತರು. ಪುಡಿಯಾದ ಚಿತ್ರಗಳನ್ನು ಚೂರು ಚೂರಾಗಿ ಆಯ್ದು ಮತ್ತೆ ಕೂಡಿಸಿದ್ದಾರೆ.

ತಾವೇ ಕಾರು ನಡೆಸುವವರು ನಮ್ಮ ಸಾರಿಗೆ ಕಚೇರಿಯಿಂದ ಅಂತಾರಾಷ್ಟ್ರೀಯ ಪರವಾನಗಿ ಪಡೆದು ಹೋಗಬೇಕು. ಹಳೆಯ ಊರುಗಳ ಬಾಗಿಲಲ್ಲಿ ಕೆಂಪು ವೃತ್ತವಿರುವ ಬಿಳಿ ಫಲಕ ಕಂಡರೆ ಹೊರಗೇ ನಿಲ್ಲಿಸಿರಿ; ಪರವಾನಗಿಯಿಲ್ಲದ ವಾಹನಕ್ಕೆ ಒಳಗೆ ಪ್ರವೇಶವಿಲ್ಲ, ಕ್ಯಾಮರಾ ಬರೆದಿಟ್ಟುಕೊಳ್ಳುತ್ತದೆ. ತಮ್ಮನಿಗೆ ದಂಡದ ಕಾಗದ ಬಂದದ್ದು ನಾವು ಊರಿಗೆ ಮರಳಿ ಮೂರು ತಿಂಗಳಾದ ಮೇಲೆ. "ಇನ್ನೂ ಸ್ವಲ್ಪ ಮುಂದೆ ಹೋಗು" ಎಂದವರು ನಾವೇ.

ಕೊನೆಯ ದಿನ ರೋಮಿಗೆ ಹಿಂದಿರುಗುವ ದಾರಿಯಲ್ಲಿ ಚಿವಿತಾ. ಅಡಿಯಲ್ಲಿ ಜೇಡಿಮಣ್ಣು, ಮೇಲೆ ಕಲ್ಲು. ಮಳೆ ಮಣ್ಣನ್ನು ತಿನ್ನುತ್ತದೆ, ಅಂಚಿನ ಕಲ್ಲು ಕಳಚುತ್ತದೆ. ೧೬೯೫ರ ಭೂಕಂಪದ ನಂತರ ಜನ ಬಿಟ್ಟುಹೋಗತೊಡಗಿದರು. ಈಗ ವರ್ಷವಿಡೀ ಇರುವವರು ಬೆರಳೆಣಿಕೆಯ ಮಂದಿ. ಸೇತುವೆ ೧೯೬೫ರದು, ೨೦೧೩ರಿಂದ ಪ್ರವೇಶಕ್ಕೆ ಶುಲ್ಕವಿದೆ. ಈಚೆ ದಂಡೆಯ ಕಟಕಟೆಯ ಬಳಿ ಅಮ್ಮ ಶಾಲು ಹೊದ್ದು, ಫ್ಲಾಸ್ಕಿನ ಕಾಫಿ ಪಕ್ಕಕ್ಕಿಟ್ಟುಕೊಂಡು ಕುಳಿತರು; ತಮ್ಮನೂ ಜೊತೆಗುಳಿದ. ನಾವಿಬ್ಬರು ಹೋಗಿ ಒಂದೂವರೆ ಗಂಟೆಗೆ ಏದುಸಿರು ಬಿಡುತ್ತ ಮರಳಿದೆವು.

"ಒಳಗೆ ಏನಿತ್ತು?"

"ಒಂದು ಚೌಕ, ಒಂದು ಚರ್ಚು, ಹೂಕುಂಡಗಳು, ಬೆಕ್ಕುಗಳು."

"ಚರ್ಚಿನ ಗೋಪುರ ಇಲ್ಲಿಗೇ ಕಾಣುತ್ತಿದೆ," ಎಂದರು ಅಮ್ಮ. "ಬೆಕ್ಕು ಮಾತ್ರ ಕಾಣಲಿಲ್ಲ. ಎಷ್ಟಿದ್ದವು?"