ಅಂಗಡಿಗೆ ಮೊದಲ ಕರೆಂಟ್ ಅಕೌಂಟ್: ಬ್ಯಾಂಕಿಗೆ ಹೋಗುವ ಮುಂಚೆ ಗಲ್ಲಾದ ಲೆಕ್ಕ ಹಾಕಿ

ಹಾವೇರಿ: "ಎಸ್‌ಬಿ ಖಾತೆ ಐತಲ್ರೀ, ಅದಕ್ಕ ಕ್ಯೂಆರ್ ಕೋಡ್ ಮಾಡಿಸೇವಿ. ಮತ್ತ ಕರೆಂಟ್ ಅಕೌಂಟ್ ಯಾಕ ಬೇಕು?" ಸಣ್ಣ ವ್ಯಾಪಾರಸ್ಥರಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತಿದು.

ಯಾಕೆ ಬೇಕು ಅನ್ನುವುದು 2025ರ ಜುಲೈನಲ್ಲಿ ಗೊತ್ತಾಯಿತು. ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನೋಟಿಸ್ ಬಂದದ್ದು ರಾಜ್ಯವೆಲ್ಲ ಸುದ್ದಿಯಾಗಿತ್ತು. ಖಾತೆಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡಲ್ಲ, ಕೈಗಡ, ಮನೆಯವರು ಹಾಕಿದ್ದು ಎಲ್ಲ ಅದರಲ್ಲೇ ಇದೆ ಎಂದು ಆಗ ಹಲವರು ಹೇಳಿದರು. ಮಾತು ನಿಜವೇ ಇರಬಹುದು. ಆದರೆ ಒಂದೇ ಖಾತೆಯಲ್ಲಿ ಕಲೆತುಹೋದ ನಾಲ್ಕು ವರ್ಷದ ಜಮೆಯನ್ನು ಈಗ ಬಿಡಿಸಿ ತೋರಿಸುವುದು ಹೇಗೆ?

ಅಂಗಡಿ ದುಡ್ಡಿಗೆ ಬೇರೆ ಖಾತೆ ಬೇಕಾಗುವುದು ಇದಕ್ಕೇ. ಕರೆಂಟ್ ಅಕೌಂಟ್ ತೆರೆದರೆ ಜಿಎಸ್‌ಟಿ ಬೀಳುತ್ತದೆ ಅನ್ನುವ ಭಯ ಕೆಲವರಿಗಿದೆ. ಅದು ತಪ್ಪು. ಜಿಎಸ್‌ಟಿ ನೋಂದಣಿ ಖಾತೆಯ ಮೇಲಲ್ಲ, ವಹಿವಾಟಿನ ಮೇಲೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ ಮಿತಿ. ಉಳಿತಾಯ ಖಾತೆಯಲ್ಲಿ ಇಟ್ಟ ಮಾತ್ರಕ್ಕೆ ವಹಿವಾಟು ಕಡಿಮೆಯಾಗುವುದಿಲ್ಲ.

ಕರೆಂಟ್ ಅಕೌಂಟಿಗೆ ಬಡ್ಡಿ ಇಲ್ಲ. ಮೇಲಾಗಿ ಶುಲ್ಕಗಳಿವೆ. ಬ್ಯಾಂಕ್ ಆರಿಸುವಾಗ ನೋಡಬೇಕಾದದ್ದು ಈ ಶುಲ್ಕಗಳನ್ನೇ, ಅದರಲ್ಲೂ ಎರಡನ್ನು.

ಮೊದಲನೆಯದು ನಗದು ಕಟ್ಟುವ ಶುಲ್ಕ. ತಿಂಗಳಿಗೆ ಇಂತಿಷ್ಟು ನಗದು ಉಚಿತ, ಅದರ ಮೇಲೆ ಸಾವಿರಕ್ಕೆ ಇಷ್ಟು ಎಂದು ಬ್ಯಾಂಕ್ ಬರೆದಿರುತ್ತದೆ. ಉದಾಹರಣೆಗೆ, ಉಚಿತ ಮಿತಿ 1 ಲಕ್ಷ, ಮೇಲಿನದಕ್ಕೆ ಸಾವಿರಕ್ಕೆ 3 ರೂಪಾಯಿ ಅಂದುಕೊಳ್ಳೋಣ. ಕಿರಾಣಿ ಅಂಗಡಿಯವರು ದಿನಕ್ಕೆ 10 ಸಾವಿರದಂತೆ 25 ದಿನ ಕಟ್ಟಿದರೆ ಎರಡೂವರೆ ಲಕ್ಷ. ಹೆಚ್ಚುವರಿ ಒಂದೂವರೆ ಲಕ್ಷಕ್ಕೆ 450 ರೂಪಾಯಿ, ಅದಕ್ಕೆ ಶೇ 18 ಜಿಎಸ್‌ಟಿ ಸೇರಿ 531. ವರ್ಷಕ್ಕೆ 6,372 ರೂಪಾಯಿ. ಗಿರಾಕಿಗಳು ಬಹುತೇಕ ಫೋನ್‌ನಲ್ಲೇ ಕೊಡುವ ಮೊಬೈಲ್ ರಿಪೇರಿ ಅಂಗಡಿಗೆ ಈ ಲೆಕ್ಕ ಬೇಕಾಗಲಿಕ್ಕಿಲ್ಲ. ಸಂತೆಯಲ್ಲಿ ನೋಟು ಎಣಿಸುವವರಿಗೆ ಬೇಕೇ ಬೇಕು. ಹಾಗಾಗಿ ಬ್ಯಾಂಕಿಗೆ ಹೋಗುವ ಮುಂಚೆ ಒಂದು ತಿಂಗಳು ನಗದು ಎಷ್ಟು, ಯುಪಿಐ ಎಷ್ಟು, ಚೆಕ್ ಎಷ್ಟು ಎಂದು ಬರೆದಿಡಿ. ಬೇರೆ ಶಾಖೆಯಲ್ಲಿ ಕಟ್ಟಿದರೆ ಮಿತಿ ಬೇರೆಯೇ ಇರಬಹುದು, ಅದನ್ನೂ ಕೇಳಿ.

ಎರಡನೆಯದು ಸರಾಸರಿ ಬ್ಯಾಲೆನ್ಸ್. ತಿಂಗಳಿಗೆ 10 ಸಾವಿರ ಸರಾಸರಿ ಅಂದರೆ ದಿನಾ ಅಷ್ಟು ಇರಲೇಬೇಕು ಎಂದಲ್ಲ. ಪ್ರತಿದಿನದ ಕೊನೆಯಲ್ಲಿ ಉಳಿದದ್ದನ್ನೆಲ್ಲ ಕೂಡಿಸಿ ತಿಂಗಳ ದಿನಗಳಿಂದ ಭಾಗಿಸುತ್ತಾರೆ. 15 ದಿನ 20 ಸಾವಿರ, ಉಳಿದ 15 ದಿನ ಸೊನ್ನೆ ಇದ್ದರೂ ಸರಾಸರಿ 10 ಸಾವಿರವೇ. ಬೆಳಿಗ್ಗೆ ಬಂದು ಸಂಜೆಯೊಳಗೆ ಹೋದ ದುಡ್ಡು ಮಾತ್ರ ಲೆಕ್ಕಕ್ಕಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಸೀಸನ್ ನೆಚ್ಚಿಕೊಂಡವರಿಗೆ ಕೆಲವು ತಿಂಗಳು ಕೈತುಂಬ, ಉಳಿದ ತಿಂಗಳು ಬಿಗಿ. ಅಂಥವರಿಗೆ ಮೂರು ತಿಂಗಳ ಸರಾಸರಿ ನೋಡುವ ಖಾತೆ ಸ್ವಲ್ಪ ಅನುಕೂಲ. ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಕನಿಷ್ಠ ಬ್ಯಾಲೆನ್ಸ್ ದಂಡ ತೆಗೆದದ್ದು ಉಳಿತಾಯ ಖಾತೆಗಳಿಗೆ. ಕರೆಂಟ್ ಅಕೌಂಟಿಗೂ ಹಾಗೇ ಅಂದುಕೊಂಡು ಹೋಗಬೇಡಿ. "ಝೀರೋ ಬ್ಯಾಲೆನ್ಸ್" ಅಂದರೆ ಎಷ್ಟು ತಿಂಗಳಿಗೆ, ಯಾವ ಷರತ್ತಿಗೆ ಎಂದು ಬರಹದಲ್ಲಿ ಕೇಳಿ.

ಸೌಂಡ್‌ಬಾಕ್ಸ್ ಬಾಡಿಗೆ, ಚೆಕ್ ಬೌನ್ಸ್ ಶುಲ್ಕ, ಖಾತೆ ಮುಚ್ಚುವ ಶುಲ್ಕ ಇವೂ ಇರುತ್ತವೆ. ಬ್ಯಾಂಕಿನ ಶುಲ್ಕಪಟ್ಟಿ ತೆಗೆದುಕೊಂಡು ಮನೆಯಲ್ಲಿ ಕೂತು ಓದಿ.

ಒಬ್ಬರೇ ಮಾಲೀಕರಾಗಿದ್ದರೆ ಆಧಾರ್, ಪ್ಯಾನ್ ಜತೆಗೆ ವ್ಯಾಪಾರದ ದಾಖಲೆ ಸಾಮಾನ್ಯವಾಗಿ ಎರಡು ಬೇಕು. ಪುರಸಭೆ ಅಥವಾ ಪಂಚಾಯಿತಿ ಲೈಸೆನ್ಸ್, ಉದ್ಯಮ್ ನೋಂದಣಿ, ಜಿಎಸ್‌ಟಿ ಪ್ರಮಾಣಪತ್ರ ಇಂಥವು. ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಯಾರಾದರೂ ಸರ್ಕಾರಿ ಫೀ ಎಂದು ದುಡ್ಡು ಕೇಳಿದರೆ ಕೊಡಬೇಡಿ. ಎಲ್ಲ ದಾಖಲೆಯಲ್ಲೂ ಅಂಗಡಿಯ ಹೆಸರು ಅಕ್ಷರಶಃ ಒಂದೇ ಇರಲಿ. "ಟ್ರೇಡರ್ಸ್" ಒಂದರಲ್ಲಿ, "ಸ್ಟೋರ್ಸ್" ಇನ್ನೊಂದರಲ್ಲಿ ಇದ್ದರೆ ಓಡಾಟ ತಪ್ಪದು.

ದುಡ್ಡಿನ ಭದ್ರತೆಯ ಮಾತೂ ಇದೆ. ವಾಣಿಜ್ಯ ಬ್ಯಾಂಕ್, ಗ್ರಾಮೀಣ ಬ್ಯಾಂಕ್, ಸಹಕಾರಿ ಬ್ಯಾಂಕ್‌ಗಳ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಕರೆಂಟ್ ಅಕೌಂಟಿಗೂ ಸಹ. ಆದರೆ ಅದೇ ಬ್ಯಾಂಕಿನಲ್ಲಿ ಮಾಲೀಕರ ಸ್ವಂತ ಖಾತೆಯೂ ಇದ್ದರೆ ಎರಡೂ ಸೇರಿ 5 ಲಕ್ಷವೇ. ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿಗಳಲ್ಲಿ ಇಟ್ಟ ಹಣಕ್ಕೆ ಈ ವಿಮೆ ಇಲ್ಲ. ಪಿಗ್ಮಿ ಕಟ್ಟುವ ಸಲುಗೆಯಿಂದ ಅಂಗಡಿಯ ಬಂಡವಾಳವನ್ನೂ ಅಲ್ಲೇ ಇಡುವವರು ಗಮನಿಸಬೇಕು.

ಖಾತೆ ತೆರೆದ ಮೇಲೆ ಹೊಸ ಕ್ಯೂಆರ್ ಹಚ್ಚಿ, ಹಳೆಯ ಸ್ಟಿಕ್ಕರ್ ಕಿತ್ತು ತೆಗೆಯಿರಿ. ಇಲ್ಲದಿದ್ದರೆ ಗಿರಾಕಿಗಳ ದುಡ್ಡು ಹಳೆಯ ಖಾತೆಗೇ ಬೀಳುತ್ತಿರುತ್ತದೆ. ನಿಮ್ಮ ಮೊಬೈಲ್ ನಂಬರಿಗೆ ನೇರವಾಗಿ ಕಳಿಸುವ ಕಾಯಂ ಗಿರಾಕಿಗಳಿಗೆ ಇನ್ನುಮುಂದೆ ಸ್ಕ್ಯಾನ್ ಮಾಡಿಯೇ ಹಾಕಿ ಅಂತ ಬಾಯಿಬಿಟ್ಟು ಹೇಳಬೇಕಾಗುತ್ತದೆ.