ಸಿಲಿಯಾಕ್ಕೂ ಬೇಕು ಪೋಡಿ

ಧಾರವಾಡದಲ್ಲಿ ಎಂ.ಎಸ್ಸಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ: "ನೂರಾರು ಜೀನ್‌ಗಳ ಪಟ್ಟಿಯನ್ನು ಸಾಫ್ಟ್‌ವೇರಿಗೆ ಕೊಟ್ಟರೆ, ಇವುಗಳಲ್ಲಿ ಹೆಚ್ಚಿನವು ಸಿಲಿಯಾಕ್ಕೆ ಸಂಬಂಧಪಟ್ಟವು ಎಂದು ಕ್ಷಣದಲ್ಲಿ ಹೇಳುತ್ತದೆ. ಅದಕ್ಕೆ ಹೇಗೆ ಗೊತ್ತು? ಕೃತಕ ಬುದ್ಧಿಮತ್ತೆಯೇ?"

ಈಗ ಎಲ್ಲದರ ಶ್ರೇಯವೂ ಕೃತಕ ಬುದ್ಧಿಮತ್ತೆಗೇ ಹೋಗುತ್ತಿದೆ. ಈ ಉತ್ತರದ ಹಿಂದಿರುವವರು ಮಾತ್ರ ಮನುಷ್ಯರು. ಪ್ರಬಂಧಗಳನ್ನು ಓದಿ, ವಾದ ಮಾಡಿ, ಒಂದೊಂದೇ ಪದವನ್ನು ಒಪ್ಪಿಕೊಂಡು ಅವರು ಬರೆದಿಟ್ಟ ದಾಖಲೆಯನ್ನು ಸಾಫ್ಟ್‌ವೇರ್ ತಿರುವಿಹಾಕುತ್ತದೆ, ಅಷ್ಟೇ.

ಸಿಲಿಯಾ ಎಂದರೆ ಪಠ್ಯಪುಸ್ತಕದ ಲೋಮಾಂಗ. ಹುಬ್ಬಳ್ಳಿಯ ರಸ್ತೆಯ ಧೂಳು ಮೂಗಿನಿಂದ ಒಳಹೊಕ್ಕು ಕಫಕ್ಕೆ ಅಂಟಿಕೊಂಡಾಗ, ಶ್ವಾಸನಾಳದ ಸಿಲಿಯಾಗಳು ಒಟ್ಟಾಗಿ ಬಡಿದು ಅದನ್ನು ಗಂಟಲಿನತ್ತ ತಳ್ಳುತ್ತವೆ. ಬಡಿಯದೆ ಸುಮ್ಮನೆ ನಿಂತಿರುವ ಇನ್ನೊಂದು ಬಗೆಯೂ ಇದೆ. ದೇಹದ ಬಹುಪಾಲು ಬಗೆಯ ಜೀವಕೋಶಗಳ ಮೇಲೆ ಇದು ಒಂದೊಂದೇ ಇರುತ್ತದೆ. 1898ರಲ್ಲೇ ವಿಜ್ಞಾನಿ ಝಿಮ್ಮರ್‌ಮನ್ ಇದನ್ನು ವಿವರಿಸಿದ್ದರೂ, ಕೆಲಸವಿಲ್ಲದ ಅವಶೇಷವೆಂದು ಬಹುಕಾಲ ಯಾರೂ ಇದರ ಗೊಡವೆಗೆ ಹೋಗಲಿಲ್ಲ.

ನೋಟ ಬದಲಾದದ್ದು ಕೆರೆಯ ಪಾಚಿಯಿಂದ. 1993ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕೋಝ್ಮಿನ್‌ಸ್ಕಿ, ರೋಸೆನ್‌ಬಾಮ್ ಮತ್ತು ಸಂಗಡಿಗರು ಕ್ಲಾಮೈಡೊಮೊನಾಸ್ ಪಾಚಿಯ ಕಶಾಂಗದೊಳಗೆ (ಇದೂ ಮೂಲತಃ ಸಿಲಿಯಾದ ರಚನೆಯೇ) ಸಾಮಗ್ರಿ ಮೇಲೆ ಕೆಳಗೆ ಸಾಗುತ್ತಿರುವುದನ್ನು ಕಂಡರು. 2000ದಲ್ಲಿ ಗ್ರೆಗರಿ ಪಝೂರ್ ಮತ್ತು ಸಂಗಡಿಗರು ಈ ಸಾಗಣೆಯ ಒಂದು ಜೀನಿಗೂ ಇಲಿಯ ಮೂತ್ರಪಿಂಡದ ನೀರ್ಗುಳ್ಳೆ ರೋಗಕ್ಕೂ ಇರುವ ನಂಟನ್ನು ತೋರಿಸಿದರು. ಅಲ್ಲಿಂದ ಮುಂದೆ ಕುರುಡು, ಆರು ಬೆರಳು, ಕಿರಿದಾದ ಎದೆಗೂಡು, ಬೊಜ್ಜು ಹೀಗೆ ಒಂದಕ್ಕೊಂದು ಸಂಬಂಧವಿಲ್ಲವೆಂದುಕೊಂಡಿದ್ದ ತೊಂದರೆಗಳು ಸಿಲಿಯಾ ರೋಗಗಳ ಒಂದೇ ಗುಂಪಿಗೆ ಬಂದವು.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಡಾ. ಕೆ.ಎಂ. ಗಿರೀಶ ಮತ್ತು ಸಹೋದ್ಯೋಗಿಗಳು 2016ರಲ್ಲಿ ಐಎಫ್‌ಟಿ52 ಎಂಬ ಜೀನಿನ ಎರಡೂ ಪ್ರತಿಗಳು ಕೆಟ್ಟರೆ ಮೂಳೆಗಳಿಗೆ ಸಂಬಂಧಿಸಿದ ಸಿಲಿಯಾ ರೋಗ ಬರುತ್ತದೆ ಎಂದು ವರದಿ ಮಾಡಿದರು. ಇದೇ ಜೀನನ್ನು ಪಾಚಿ ಅಧ್ಯಯನ ಮಾಡುವವರು 'ಬಿಎಲ್‌ಡಿ1' ಎಂದು ಕರೆದಿದ್ದರು, ಏಕೆಂದರೆ ಅದು ಕೆಟ್ಟ ಪಾಚಿಗೆ ಕಶಾಂಗವಿಲ್ಲ, ಬೋಳು. ಹುಳುವಿನ ಅಧ್ಯಯನಕಾರರಿಗೆ ಅದು 'ಓಎಸ್‌ಎಂ-6', ಏಕೆಂದರೆ ಅದು ಕೆಟ್ಟ ಹುಳು ಗಾಢ ದ್ರಾವಣದಿಂದ ದೂರ ಸರಿಯುವುದಿಲ್ಲ. ಪಾಚಿಯ ಬೋಳುತನ, ಹುಳುವಿನ ಜಡತೆ ಮತ್ತು ಮಗುವಿನ ಮೂಳೆ ಮೂರೂ ಒಂದೇ ಕತೆ ಎಂಬುದು ಈ ಹೆಸರುಗಳಿಂದ ಕಂಪ್ಯೂಟರಿಗೆ ತಿಳಿಯುವ ಬಗೆಯೇ ಇಲ್ಲ.

ಹೆಸರುಗಳ ಈ ತೊಡಕು ನಮಗೆ ಹೊಸದಲ್ಲ, ನಮ್ಮ ಎರೆ ಹೊಲಗಳನ್ನೇ ನೋಡಿ. ಮನೆಮಂದಿಗೆ ಅದು ಹಳ್ಳದ ಹೊಲ, ಗುಡಿ ಹಿಂದಿನ ಹೊಲ. ಬೆಳೆಸಾಲಕ್ಕೋ ವಿಮೆಗೋ ಹೋದರೆ ನಡೆಯುವುದು ಸರ್ವೆ ನಂಬರ್ ಮಾತ್ರ. ಆ ನಂಬರಿಗೆ ಬೆಲೆ ಬರುವುದು ಸಂಬಂಧಗಳಿಂದ: ಹಿಸ್ಸಾ ಸರ್ವೆ ನಂಬರಿನ ಭಾಗ, ಸರ್ವೆ ನಂಬರ್ ಗ್ರಾಮದ ಭಾಗ, ಗ್ರಾಮ ಹೋಬಳಿಯ ಭಾಗ. ಒಡೆತನ ಹೇಗೆ ಬಂತೆಂದು ಕೇಳಿದರೆ ಉತಾರದಲ್ಲಿ ಮ್ಯುಟೇಶನ್ ನಂಬರ್ ಇದೆ. ಆದರೆ ಅಣ್ಣತಮ್ಮಂದಿರು ಹೊಲ ಹಂಚಿಕೊಂಡೂ ಪೋಡಿ ಮಾಡಿಸಿ ದಾಖಲೆಯಲ್ಲೂ ಪಾಲು ಬೇರ್ಪಡಿಸದಿದ್ದರೆ ಎಲ್ಲರ ಹೆಸರೂ ಒಂದೇ ಉತಾರದಲ್ಲಿ ಕೂತಿರುತ್ತವೆ. ಯಾರ ಪಾಲು ಎಲ್ಲಿದೆ ಎಂದು ಕಚೇರಿಗೆ ಗೊತ್ತಾಗುವುದಿಲ್ಲ.

ಜೀನ್‌ಗಳಿಗೆ ಇಂಥ ದಾಖಲೆ ಶುರುವಾದದ್ದು 1998ರಲ್ಲಿ. ಹಣ್ಣುನೊಣ, ಇಲಿ ಮತ್ತು ಯೀಸ್ಟ್‌ಗಳ ಮಾಹಿತಿ ಸಂಗ್ರಹಿಸುತ್ತಿದ್ದ ಮೂರು ಗುಂಪುಗಳು ಸೇರಿ 'ಜೀನ್ ಆಂಟಾಲಜಿ' ಕಟ್ಟಿದವು. ಪ್ರೊಟೀನ್ ಮಾಡುವ ಕೆಲಸವೇನು, ಯಾವ ಪ್ರಕ್ರಿಯೆಯಲ್ಲಿ ಪಾಲ್ಗೊಳ್ಳುತ್ತದೆ, ಕೋಶದ ಯಾವ ಜಾಗದಲ್ಲಿರುತ್ತದೆ ಎಂಬ ಮೂರು ಪ್ರಶ್ನೆಗೆ ನಿಗದಿತ ಪದಗಳಲ್ಲಿ ಉತ್ತರ. ಪ್ರತಿ ಪದಕ್ಕೂ ಒಂದು ಸಂಖ್ಯೆ, ಅದು ಯಾವುದರ ಬಗೆ, ಯಾವುದರ ಭಾಗ ಎಂಬ ನಮೂದು. ಜೀನಿಗೆ ಆ ಪದವನ್ನು ಜೋಡಿಸಿದ್ದು ನೇರ ಪ್ರಯೋಗದಿಂದಲೋ ಕಂಪ್ಯೂಟರಿನ ಊಹೆಯಿಂದಲೋ ಎಂಬುದಕ್ಕೂ ಸಂಕೇತಾಕ್ಷರಗಳಿವೆ.

ಆರಂಭದ ಆ ಮೂರರಲ್ಲಿ ಯೀಸ್ಟ್‌ಗೆ ಸಿಲಿಯಾ ಇಲ್ಲವೇ ಇಲ್ಲ. ನೊಣದಲ್ಲಿ ಕೆಲವು ಸಂವೇದನಾ ನರಕೋಶ ಮತ್ತು ವೀರ್ಯಾಣುಗಳಲ್ಲಿ ಮಾತ್ರ ಇವೆ. ಇತ್ತ ಸಿಲಿಯಾ ಸಂಶೋಧನೆ ಬೆಳೆಯುತ್ತಾ ಹೋಯಿತು. ಸಿಸ್‌ಸಿಲಿಯಾ ಎಂಬ ಯುರೋಪಿನ ಸಂಶೋಧಕರ ಕೂಟ 2013ರಲ್ಲಿ ಸಿಲಿಯಾಕ್ಕೆ ಸೇರಿದ್ದೆಂದು ಖಚಿತವಾದ 303 ಮಾನವ ಜೀನ್‌ಗಳ ಪಟ್ಟಿ ಪ್ರಕಟಿಸಿತು. ಅಷ್ಟೊಂದು ಜೀನ್‌ಗಳು 'ಸಿಲಿಯಂ' ಎಂಬ ಒಂದೇ ಉತಾರದಲ್ಲಿ ಕೂತರೆ ಪ್ರಯೋಜನವೇನು? ಬುಡದಲ್ಲಿ ಕೆಲಸ ಮಾಡುವ ಪ್ರೊಟೀನ್ ಬೇರೆ, ಬುಡ ಮತ್ತು ದಂಡದ ನಡುವಿನ ಕಾವಲು ವಲಯದ್ದು ಬೇರೆ, ತುದಿಯದು ಬೇರೆ.

ಹಾಗಾಗಿ ಸಿಸ್‌ಸಿಲಿಯಾ ಮತ್ತು ಜೀನ್ ಆಂಟಾಲಜಿ ತಂಡಗಳು ಪೋಡಿಗೆ ಕೂತವು. ಚರ್ಚೆಯೆಲ್ಲ ಬಹಿರಂಗವಾಗಿ ದಾಖಲಾಯಿತು. ನಮ್ಮ ಕೋಶಗಳ ಕಶಾಂಗವೂ ಸಿಲಿಯಾವೂ ಮೂಲತಃ ಒಂದೇ ರಚನೆ. ಬ್ಯಾಕ್ಟೀರಿಯಾದ ಕಶಾಂಗ ಪೂರ್ತಿ ಬೇರೆ, ಅದು ಬುಡದ ಮೋಟಾರಿನಿಂದ ತಿರುಗುತ್ತದೆ. ಇವು ಬೆರೆಯದಂತೆ ಹದ್ದು ಹಾಕಬೇಕಿತ್ತು. 2017ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ 127 ಪದಗಳು ಹೊಸದಾಗಿ ಸೇರಿದವು ಇಲ್ಲವೆ ತಿದ್ದುಪಡಿಯಾದವು; 50 ಮಾನವ ಪ್ರೊಟೀನ್‌ಗಳಿಗೆ 199 ನಮೂದುಗಳಾದವು. ಹಳೆಯ ದತ್ತಾಂಶವನ್ನೇ ಹೊಸ ಪದಗಳೊಂದಿಗೆ ವಿಶ್ಲೇಷಿಸಿದಾಗ ಫಲಿತಾಂಶ ಗಮನಾರ್ಹವಾಗಿ ಸುಧಾರಿಸಿತು. ಹೊಸ ಪ್ರಯೋಗವಿಲ್ಲದೆ ಹೊಸ ತಿಳಿವಳಿಕೆ ಸಿಕ್ಕಿತು. ಇದನ್ನು ಗುಮಾಸ್ತಿಕೆ ಎಂದು ತಳ್ಳಿಹಾಕುವವರಿಗೆ ಈ ಫಲಿತಾಂಶವೇ ಉತ್ತರ.

ಈ ಕೆಲಸ ಕನ್ನಡ ನಾಡಿಗೆ ಹೊಸದಲ್ಲ. 2002ರಲ್ಲಿ ಅಖಿಲೇಶ್ ಪಾಂಡೆ ಬೆಂಗಳೂರಿನಲ್ಲಿ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನ ಯುವ ಜೀವವಿಜ್ಞಾನಿಗಳು ಪ್ರಬಂಧಗಳನ್ನು ಕಣ್ಣಾರೆ ಓದಿ ಮಾನವ ಪ್ರೊಟೀನ್‌ಗಳ ಕೋಶ ಕಟ್ಟಿದರು. 2003ರಲ್ಲಿ ಪ್ರಕಟವಾದ ಅದನ್ನು ಜಗತ್ತಿನ ಪ್ರಯೋಗಾಲಯಗಳು ಬಳಸಿದವು.

ಸಿಲಿಯಾ ರೋಗಗಳಲ್ಲಿ ಹೆಚ್ಚಿನವು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಕಾಣಿಸುತ್ತವೆ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಭಾಗದ ಮಟ್ಟಿಗೆ ಇದು ದೂರದ ವಿಷಯವೇನಲ್ಲ. ಇಲ್ಲಿನ ಮಗುವಿನ ಜೀನ್ ಪರೀಕ್ಷೆಯ ವರದಿಯನ್ನು ಅರ್ಥೈಸುವಾಗಲೂ ಇಂಥ ದಾಖಲೆಗಳೇ ಆಧಾರ. ಅವು ಅರೆಬರೆಯಾಗಿದ್ದರೆ ಉತ್ತರವೂ ಅರೆಬರೆಯೇ. ಕರ್ನಾಟಕ ವಿಶ್ವವಿದ್ಯಾಲಯ, ಐಐಟಿ ಧಾರವಾಡಗಳ ವಿದ್ಯಾರ್ಥಿಗಳಿಗೆ ನನ್ನ ವಿನಂತಿ ಇಷ್ಟೇ: ಈ ಕೆಲಸಕ್ಕೆ ದುಬಾರಿ ಸೂಕ್ಷ್ಮದರ್ಶಕ ಬೇಕಿಲ್ಲ, ಜೀನ್ ಆಂಟಾಲಜಿ ಎಲ್ಲರಿಗೂ ತೆರೆದಿದೆ. ಒಂದು ಜೀನ್ ಆರಿಸಿಕೊಳ್ಳಿ, ಅದರ ಪ್ರಬಂಧಗಳನ್ನು ಓದಿ, ದಾಖಲೆಯಲ್ಲಿ ತಪ್ಪು ಕಂಡರೆ ಆಧಾರ ಸಮೇತ ಬರೆದು ತಿಳಿಸಿ.